ಗುಲಾಬಕ್ಕನ ಹಳೆಯ ಕಾರ್ಡು

ಎಲೆ, ಅಡಿಕೆ, ಸುಣ್ಣದ ಡಬ್ಬಿ, ಅದರಡಿಯಲ್ಲಿ ಒಂದು ಕ್ರೆಡಿಟ್ ಕಾರ್ಡು. ನನ್ನ ಅಕ್ಕ ಗುಲಾಬಿಯ ಸೊಂಟದ ಸಂಚಿಯಲ್ಲಿ ಇಷ್ಟು ಯಾವಾಗಲೂ ಇರುತ್ತಿತ್ತು. ಮುಂಬೈಯ ಮೀನಿನ ಕಂಪೆನಿಯಲ್ಲಿದ್ದಾಗ ಸಿಕ್ಕಿದ ಕಾರ್ಡು. ಊರಿಗೆ ಮರಳಿ, ಹಂಗಾರಕಟ್ಟೆಯಲ್ಲಿ ಮೀನು ಕೊಂಡು ಹಾಲಾಡಿಯಲ್ಲಿ ಮಾರತೊಡಗಿದ ಮೇಲೂ ಅದನ್ನು ಬಿಡಲಿಲ್ಲ. ವರ್ಷಕ್ಕೊಂದು ಸೀರೆ ತೆಗೆಯುವಳು, ಬಿಲ್ಲು ಬಂದ ದಿನವೇ ಕಟ್ಟುವಳು.

"ಇದ್ ನನ್ ಹಿರಿ ಮಗ್ಳ್. ತಿಂಬುದ್ ಕಮ್ಮಿ, ಮರ್ಯಾದಿ ಜಾಸ್ತಿ" ಎಂದು ನಗುವಳು. ಐಸಿಗೆ, ಪೆಟ್ಟಿಗೆಗಳಿಗೆ ಬಳಸುತ್ತಿದ್ದುದು ಇನ್ನೊಂದು ಚಿಕ್ಕ ಕಾರ್ಡು. ಅದರ ಲಿಮಿಟ್ಟು ಸದಾ ಮುಗಿದೇ ಇರುತ್ತಿತ್ತು.

ಬಸ್ಸಿನವರ ಜೊತೆ ದಿನಾ ಜಗಳ.

"ಹ್ವಾಯ್ ಗುಲಾಬಕ್ಕ, ಬುಟ್ಟಿ ಹತ್ಸ್ಬೇಡಿ, ನೀರ್ ಸೋರತ್ತ್!" ಎಂದು ಕಂಡಕ್ಟರ್ ಕೂಗುವನು.

"ನಿನ್ ಹೆಂಡ್ತಿ ಬಸ್ರಿ ಇಪ್ಪಾಗ ಬಂಗ್ಡಿ ತಂದ್ ಕೊಟ್ಟದ್ದ್ ಇದೇ ಬುಟ್ಟಿಯಗೆ ಅಲ್ದಾ ಮಗಾ?" ಎನ್ನುತ್ತ ಅಕ್ಕ ಹತ್ತಿಯೇ ಬಿಡುವಳು.

ಅವನು ಗೆದ್ದ ದಿನ ಮೀನು ಸ್ಟಾಪಿನಲ್ಲೇ ಹಾಳಾಗುತ್ತಿತ್ತು. ಅದಕ್ಕೇ ನಲವತ್ತೆಂಟನೆಯ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತಳು. ಸಾಲ ಮಾಡಿ ಸಾಮಾನಿನ ರಿಕ್ಷಾ ಕೊಳ್ಳುವುದೆಂದು ನಿಶ್ಚಯಿಸಿ, ಕೈಯಲ್ಲಿದ್ದುದನ್ನೆಲ್ಲ ಮುಂಗಡ ಕೊಟ್ಟಳು. ಕ್ರೆಡಿಟ್ ಸ್ಕೋರ್ ಚೆನ್ನಾಗಿದೆ, ಕಾಗದ ತನ್ನಿ ಎಂದು ಬ್ಯಾಂಕಿನವರೂ ಹೇಳಿದ್ದರು.

ಅಕ್ಕನಿಗೆ ಓದು ಬಾರದು. ನಾನು ಐದನೆಯ ಕ್ಲಾಸಿನವರೆಗೆ ಓದಿದವಳು. ಹಾಗಾಗಿ ಅವಳ ಫೋನು, ಮೆಸೇಜು ಎಲ್ಲ ನನ್ನ ಕೈಯಲ್ಲಿ.

"ಹಳಿ ಬುಟ್ಟಿ ತೊಳೀದೆ ಹೊಸ ಮೀನ್ ಹಾಕ್ಬಾರ್ದ್" ಎನ್ನುವುದು ಅವಳ ಮಾತು. ಮಳೆಗಾಲ ಕಳೆದು ದೋಣಿ ಇಳಿಯುವ ಮೊದಲು ಐಸಿನವರದು, ದೋಣಿಯವರದು ಎಲ್ಲ ಚುಕ್ತಾ ಮಾಡುವಳು. ಹೊಸ ಸಾಲಕ್ಕೂ ಹಾಗೆಯೇ ಇರಬೇಕೆಂದು ನಾನು ತಿಳಿದೆ. ಸುಮ್ಮನೆ ಬಿದ್ದಿರುವ ಹಳೆಯ ಕಾರ್ಡನ್ನು ಮುಚ್ಚಿಸಿದರೆ ಅವಳ ಹೆಸರು ತೊಳೆದಂತಾಗುತ್ತದೆ ಎಂದು. ಅಕ್ಕ ಮೀನಿಗೆ ಹೋಗಿದ್ದಾಗ ಅವಳ ಫೋನಿನಿಂದ ಕಾರ್ಡಿನವರಿಗೆ ಫೋನು ಮಾಡಿದೆ. "ಗುಲಾಬಿಯವರೇನಾ?" ಎಂದಳು ಆ ಕಡೆಯ ಹುಡುಗಿ. "ಹೌದ್, ನಾನೇ" ಎಂದೆ. ಮೆಸೇಜಿನಲ್ಲಿ ಬಂದ ಓಟಿಪಿ ನಂಬರು ಓದಿ ಹೇಳಿದೆ. ಖಂಡಿತ ಮುಚ್ಚಬೇಕಾ ಎಂದು ಅವಳು ಎರಡು ಸಲ ಕೇಳಿದಳು. ಸಾಲ ಸಿಕ್ಕಿದ ದಿನ ಅಕ್ಕನಿಗೆ ಹೇಳೋಣ ಎಂದು ಸುಮ್ಮನಿದ್ದೆ.

ಮರು ತಿಂಗಳು ಬ್ರಹ್ಮಾವರದ ಬ್ಯಾಂಕಿನಲ್ಲಿ ಆಫೀಸರು ತಲೆ ಅಲ್ಲಾಡಿಸಿದರು. "ಹಳೆಯ ಕಾರ್ಡು ಯಾಕಮ್ಮ ಮುಚ್ಚಿದಿರಿ? ದೊಡ್ಡ ಲಿಮಿಟ್ ಇದ್ದದ್ದು ಅದರಲ್ಲೇ. ಈಗ ನೋಡಿದರೆ ನೀವು ಇದ್ದಬದ್ದ ಲಿಮಿಟ್ಟನ್ನೆಲ್ಲ ಬಳಸಿದ ಹಾಗೆ ಕಾಣುತ್ತದೆ. ಸ್ಕೋರ್ ಬಿದ್ದಿದೆ. ಸದ್ಯಕ್ಕೆ ಸಾಲ ಇಲ್ಲ. ಮುಚ್ಚಿದ್ದನ್ನು ತೆರೆಯಲೂ ಬರುವುದಿಲ್ಲ."

"ನಾ ಮುಚ್ಚಿಲ್ಲ ಸ್ವಾಮೀ..." ಎನ್ನುತ್ತ ಅಕ್ಕ ನನ್ನತ್ತ ತಿರುಗಿದಳು. ನಾನು ಮೇಲೆ ತಿರುಗುವ ಫ್ಯಾನು ನೋಡಿದೆ.

"ಹೌದ್ ಸ್ವಾಮಿ, ನಾನೇ. ಮರ್ತ್ ಹೋಯಿತ್" ಎಂದಳು ಅಕ್ಕ, ಆಫೀಸರ ಕಡೆ ತಿರುಗಿ.

ಹೊರಗೆ ಬಂದು, "ಬಾ ಹೆಣ್ಣೇ, ಒಂದ್ ಗೋಳಿಬಜಿ ತಿಂಬ" ಎಂದಳು. ಅಷ್ಟೇ. ರಿಕ್ಷಾ ಬೇರೆಯವರ ಪಾಲಾಯಿತು. ಮುಂಗಡ ಮರಳಲಿಲ್ಲ. ಮೀನು ಕೊಳ್ಳಲೂ ಕೈಯಲ್ಲಿ ದುಡ್ಡು ಉಳಿಯಲಿಲ್ಲ.

ರತ್ನಾಗಿರಿಯ ಶೆಡ್ಡಿನಲ್ಲಿ ಕೂಲಿಗೆ ಮೀನು ಕೊಯ್ಯಲು ಅಕ್ಕ ಹೊರಟ ಬೆಳಿಗ್ಗೆ ನಾನೂ ಸ್ಟಾಪಿನವರೆಗೆ ಹೋದೆ. ಇವತ್ತಾದರೂ ಹೇಳಿಬಿಡಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅದೇ ಬಸ್ಸು ಬಂತು.

"ಗುಲಾಬಕ್ಕ, ಬುಟ್ಟಿ ಹತ್ಸ್ಬೇಡಿ!" ಎಂದು ಕಂಡಕ್ಟರ್ ದೂರದಿಂದಲೇ ಕೂಗಿದ.

"ಇವತ್ತ್ ಬುಟ್ಟಿ ಇಲ್ಲ ಮಗಾ, ನಾನೊಬ್ಳೇ" ಎಂದಳು ಅಕ್ಕ.