ಮಾವನವರ ಕೈ ನಡುಗಿದ್ದು

ನನ್ನ ಮಾವನವರಿಗೆ ಮೀಸೆಗಿಂತ ಕಿವಿಯ ಕೂದಲೇ ದಟ್ಟ. ಎರಡೂ ಕಿವಿಯಿಂದ ಬಿಳಿಯ ಕುಚ್ಚುಗಳು ಇಣುಕುತ್ತಿದ್ದವು. ಯೋಚನೆಗೆ ಬಿದ್ದಾಗ ಅವನ್ನೇ ಹುರಿ ಮಾಡುತ್ತ ಕೂರುವರು. ಕುರಕುಂಟಾದ ಪೊಲೀಸ್ ಪಾಟೀಲರು, ಮೇಲಾಗಿ ಪರವಾನಗಿಯ ರಿವಾಲ್ವರ್ ಇದ್ದವರು ಎಂದರೆ ಕೇಳಿದವರು ಯಾರೋ ಭಾರಿ ಗಂಡಾಳು ಅಂದುಕೊಳ್ಳುತ್ತಿದ್ದರು. ಮನೆಯಲ್ಲಿ ನೋಡಿದರೆ ಎಳೆಗರು ಎದುರಾದರೂ ದಾರಿ ಬಿಟ್ಟು ನಿಲ್ಲುವ ಮನುಷ್ಯ.

ಸೊಸೆ ಮಾವನೆದುರು ಮಾತಾಡುವ ಕಾಲವಲ್ಲ ಅದು. ಅಡುಗೆಮನೆಗೆ ಬರುವ ಮುಂಚೆ ಹೊಸ್ತಿಲಾಚೆ ನಿಂತು ಕೆಮ್ಮುವರು. ನಾನು ಸೆರಗು ಎಳೆದುಕೊಳ್ಳುವೆ. ಊಟ ಹಿಡಿಸಿದ ದಿನ, ಪುಂಡಿಪಲ್ಯ ಭಾಳ ಛಲೋ ಆಗ್ಯಾದ ಎಂದು ಗೋಡೆಗೆ ಹೇಳುವರು. ಅದು ನನಗೇ ಎಂದು ಒಳಗೊಳಗೇ ಹಿಗ್ಗುತ್ತಿದ್ದೆ.

ಪ್ರತಿ ದಸರೆಯ ಖಂಡೆಪೂಜೆಯ ದಿನ ಅತ್ತೆಯವರು ಕುಡುಗೋಲು, ಕೊಡಲಿಗಳ ಜೊತೆ ರಿವಾಲ್ವರನ್ನೂ ಮಣೆಯ ಮೇಲಿಟ್ಟು, ಗಾಣದ ಕುಸುಬಿ ಎಣ್ಣೆಯನ್ನು ಅದರ ಸಂದುಸಂದಿಗೂ ಹಚ್ಚಿ ಕುಂಕುಮ ಏರಿಸುವರು. ಒರೆಸಲು ಬಿಡುತ್ತಿರಲಿಲ್ಲ. ಗಂಡನ ಆಯುಷ್ಯ ಅದರಲ್ಲಿದೆ ಎಂದು ಅವರ ನಂಬಿಕೆ. ಮಾವನವರು ನಕ್ಕು ಹಾಗೆಯೇ ಅರಿವೆಯಲ್ಲಿ ಸುತ್ತಿ ಟ್ರಂಕಿಗೆ ಸೇರಿಸುವರು. ಗುಂಡುಗಳು ಬೇರೆ ಡಬ್ಬಿಯಲ್ಲಿರುತ್ತಿದ್ದವು.

ನಿಜಾಮರ ಆಳ್ವಿಕೆಯ ಕೊನೆಯ ಬೇಸಿಗೆ ಸುತ್ತಲ ಹಳ್ಳಿಗಳಲ್ಲಿ ಲೂಟಿ ಶುರುವಾಯಿತು. ಒಂದು ಮಧ್ಯಾಹ್ನ ಅತ್ತೆಯವರು ಮಠಕ್ಕೆ ಹೋಗಿದ್ದಾಗ ಹೊಸ್ತಿಲಲ್ಲಿ ಕೆಮ್ಮು ಕೇಳಿತು. ಮಾವನವರ ಕೈಯಲ್ಲಿ ರಿವಾಲ್ವರ್. ಗುಂಡು ತುಂಬೋಣವೆಂದರೆ ಚರಖಿ, ಎಂದರೆ ಆರು ತೂತಿನ ಆ ಗಾಲಿ, ತೆರೆಯುತ್ತಲೇ ಇಲ್ಲ. ವರ್ಷವರ್ಷದ ಕುಸುಬಿ ಎಣ್ಣೆ ಕುಂಕುಮದೊಂದಿಗೆ ಒಣಗಿ ಅರಗಿನಂತೆ ಕೂತಿತ್ತು.

ದಬ್ಬಣದಿಂದ ಕೆರೆದೆವು. ಚಿಮಣಿ ಎಣ್ಣೆ ಬಿಟ್ಟೆವು, ಬಿಸಿ ಅರಿವೆ ಸುತ್ತಿದೆವು. ನಾನು ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದೆ, ಅವರು ನಳಿಗೆಯನ್ನು ಜಗ್ಗಿದರು. ಕೂದಲೆಳೆಯಷ್ಟೂ ಅಲುಗಲಿಲ್ಲ. ಸೇಡಂನಲ್ಲಿ ಬಂದೂಕು ರಿಪೇರಿ ಮಾಡುತ್ತಿದ್ದವನು ಗದ್ದಲಕ್ಕೆ ಹೆದರಿ ಅಂಗಡಿ ಮುಚ್ಚಿಕೊಂಡು ಹೋಗಿದ್ದ.

ಮಾವನವರು ಆಗ ನೇರ ನನ್ನ ಮುಖ ನೋಡಿದರು, ಅದೇ ಮೊದಲ ಸಲ.

"ಎಣ್ಣಿ ಮಾತು ನಿಮ್ಮತ್ತಿ ಕಿವಿಗಿ ಬೀಳಬಾರ್ದು, ಯವ್ವಾ. ಆಕಿ ಜೀವ ಇಟ್ಕೋದಿಲ್ಲ."

ಹೂಂ ಅಂದೆ. ರಿವಾಲ್ವರನ್ನು ಚಿಮಣಿ ಎಣ್ಣೆಯ ಬೋಗುಣಿಯಲ್ಲಿ ಮುಳುಗಿಸಿ ಒಲೆಗೆಂದು ಒಟ್ಟಿದ್ದ ಕುಳ್ಳಿನ ರಾಶಿಯ ಹಿಂದೆ ಇಟ್ಟೆವು. ನಾಲ್ಕು ದಿನ ನೆನೆದಿದ್ದರೆ ಬಿಡುತ್ತಿತ್ತೇನೋ. ಮರುದಿನ ಬೆಳಿಗ್ಗೆಯೇ ಲೂಟಿಯ ಗುಂಪು ನಮ್ಮ ಅಂಗಳಕ್ಕೆ ಬಂತು.

ಮಾವನವರು ಅದನ್ನೇ ಒರೆಸಿಕೊಂಡು ಕಟ್ಟೆಯ ಮೇಲೆ ನಿಂತರು. ಗುಂಪು ತುಸು ಹಿಂಜರಿಯಿತು. ತೋರಿಸಿದರೇ ಸಾಕಾದೀತೇನೋ ಎಂದು ನನಗೆ ಆಸೆ. ಅಷ್ಟರಲ್ಲಿ ಒಬ್ಬ, ಅಪ್ಪನ ಪಕ್ಕ ನಿಂತಿದ್ದ ನಮ್ಮ ಯಜಮಾನರ ಕೊರಳಪಟ್ಟಿ ಹಿಡಿದು ಎಳೆದ, ಇನ್ನೊಬ್ಬ ಬಂದೂಕಿನ ಹಿಂಬದಿಯಿಂದ ಅವರ ಮೊಣಕಾಲಿಗೆ ಹೊಡೆದ. ಮಾವನವರು ರಿವಾಲ್ವರ್ ಎತ್ತಿದರು. ಎತ್ತಿ, ಹಾಗೆಯೇ ನಿಂತರು. ಓಣಿಯೆಲ್ಲ ನೋಡುತ್ತಿತ್ತು. ಜೋಳದ ಚೀಲಗಳ ಜೊತೆ ಆ ರಿವಾಲ್ವರನ್ನೂ ಕಿತ್ತುಕೊಂಡು ಹೋದರು.

ಯಜಮಾನರ ಕಾಲು ಮತ್ತೆ ನೆಟ್ಟಗಾಗಲಿಲ್ಲ. ಮಗನ ತಲೆ ತೊಡೆಯ ಮೇಲಿಟ್ಟುಕೊಂಡೇ ಅತ್ತೆಯವರು ಕೇಳಿದರು.

"ಕೈಯಾಗ ಹಿಡ್ಕೊಂಡು ಸುಮ್ನ ನಿಂತ್ರಲ್ರಿ. ಯಾಕ ಹೊಡೀಲಿಲ್ಲ?"

"ಕೈ ನಡುಗ್ತು," ಅಂದರು ಮಾವನವರು.

ಅಂದಿನಿಂದ ಅತ್ತೆಯವರು ಅವರಿಗೆ ತಮ್ಮ ಕೈಯಿಂದ ಬಡಿಸಲಿಲ್ಲ. ಮಗ ಜೊತೆಗೆ ಕೂತು ಉಣ್ಣಲಿಲ್ಲ. ಚಾವಡಿಯಲ್ಲಿ ಜನ ಬೆನ್ನ ಹಿಂದೆ ನಗುತ್ತಿದ್ದರು. ಹೇಳಿದರೆ ಅತ್ತೆ ಉಳಿಯುವುದಿಲ್ಲ, ಹೇಳದಿದ್ದರೆ ಇವರು ದಿನಾ ಸಾಯುತ್ತಾರೆ. ಒಮ್ಮೆ ಎಲ್ಲರೂ ಇದ್ದಾಗ ತಡೆಯಲಾರದೆ ಬಾಯಿ ತೆರೆದೆ. ಮಾವನವರು ಜೋರಾಗಿ ಕೆಮ್ಮಿ, ನೀರು ಬೇಕೆಂದು ಗೋಡೆಗೆ ಹೇಳಿದರು. ನಾನು ನೀರು ತಂದಿಟ್ಟೆ.

ಕೆಲವು ವರ್ಷಗಳ ನಂತರ ಒಂದು ಚಳಿಗಾಲ ಅವರು ಹಾಸಿಗೆ ಹಿಡಿದು ಹೋಗಿಬಿಟ್ಟರು. ಮಾತು ನಿಂತುಹೋಗಿದ್ದ ಕೊನೆಯ ಹೊತ್ತಿನಲ್ಲಿ ಕಾಲ ಬಳಿ ಕೂತಿದ್ದ ಅತ್ತೆಯವರನ್ನು ನೋಡಿದರು, ಆಮೇಲೆ ನನ್ನನ್ನು. ಹೇಳುವುದಿಲ್ಲ ಎಂದು ತಲೆಯಾಡಿಸಿದೆ.

ಅತ್ತೆಯವರು ಆಮೇಲೂ ಬಹುಕಾಲ ಬದುಕಿದರು. ಮುಪ್ಪಿನಲ್ಲಿ ಒಂದು ದಿನ ಅಕ್ಕಿ ಆರಿಸುತ್ತ ಕೂತವರು ಅಂದರು.

"ನಿಮ್ಮ ಮಾವ ಮನಷ್ಯಾ ಛಲೋ ಇದ್ರು. ಆದ್ರ ಭಾಳ ಅಂಜುಬುರುಕರು ನೋಡು."

"ಹೌದ್ರಿ ಅತ್ತೀ," ಅಂದೆ.