ಹಡಗಿನ ಇಸ್ತ್ರಿ ಮೂಲೆ

ಹೋದ ತಿಂಗಳ ಒಂದು ಭಾನುವಾರ ಕಪಾಟಿನ ಮೇಲಿನ ಅರೆಯನ್ನು ಖಾಲಿ ಮಾಡುವಾಗ ಹಳೆಯ ಬೂದು ಬಣ್ಣದ ಪ್ಯಾಂಟೊಂದು ಕೈಗೆ ಬಂತು. ಬಿಡಿಸಿ ನೋಡಿದರೆ ಎರಡೂ ಕಾಲುಗಳ ಮೇಲೆ ಅಡ್ಡಡ್ಡ ಗೆರೆಗಳು. ಮೇಲಿಂದ ಕೆಳಗೆ ನೇರವಾಗಿ ಒಂದು ಗೆರೆ ಇರಬೇಕಾದಲ್ಲಿ ಅಡ್ಡಲಾಗಿ ಏಳು. ಇಷ್ಟು ವರ್ಷ ಕಳೆದರೂ ಒಂದೊಂದನ್ನೂ ಬೆರಳಿಟ್ಟು ಎಣಿಸಬಹುದಿತ್ತು. ಹೆಂಡತಿ ಅದನ್ನು ನೆಲ ಒರೆಸುವ ಬಟ್ಟೆಗಳ ಗುಂಪಿಗೆ ಹಾಕಹೊರಟಿದ್ದಳು. ನಾನು ಕಸಿದುಕೊಂಡೆ. "ಇನ್ನೇನ್ ಅದು ನಿಮ್ಮ ಹೊಟ್ಟೀಗೆ ಹಿಡಿಸ್ತೈತೇನ್ರೀ?" ಎಂದು ಕೇಳಿದಳು. ಪ್ರಶ್ನೆ ನ್ಯಾಯವಾದದ್ದೇ, ಆದರೆ ನನ್ನ ಯೋಚನೆ ಹೊಟ್ಟೆಯ ಕಡೆ ಇರಲಿಲ್ಲ.

ನಾನು ಹುಟ್ಟು ಗೊಂದಲದ ಮನುಷ್ಯ ಎಂಬುದನ್ನು ನಿಮಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ವಿಜಯಪುರದಿಂದ ಡೊಂಬಿವಲಿಗೆ ಬಂದು ಇಪ್ಪತ್ತು ವರ್ಷ ದಾಟಿದ ಮೇಲೂ ಠಾಣೆಯಲ್ಲಿ ವಾಶಿಯ ಗಾಡಿ ಹಿಡಿಯಬೇಕಾದವನು ಕರ್ಜತ್ ಗಾಡಿ ಹತ್ತಿ ಕಲ್ಯಾಣದಲ್ಲಿ ಇಳಿದಿದ್ದೇನೆ. ಇಂಥವನಿಗೆ ದೇವರು ಕೊಟ್ಟ ಕೆಲಸ ಯಾವುದು ಅಂದರೆ, ಬೇರೆಯವರಿಗೆ ದಾರಿ ತೋರಿಸುವ ಫಲಕ ಬರೆಯುವುದು. ಮಹಾಪೆಯ ನಮ್ಮ ಕಚೇರಿಯಲ್ಲಿ ಆಸ್ಪತ್ರೆ, ಮಾಲು, ಕಾರ್ಖಾನೆಗಳಿಗೆ ಬೇಕಾದ ಬೋರ್ಡುಗಳು ತಯಾರಾಗುತ್ತವೆ. ಎಡಕ್ಕೆ ಬಾಣದ ಗುರುತು ಹಾಕುವಾಗ ಈಗಲೂ ನಾನು ಒಮ್ಮೆ ಊಟ ಮಾಡುವ ಕೈ ಯಾವುದೆಂದು ನೋಡಿಕೊಳ್ಳುತ್ತೇನೆ.

ಆ ಪ್ಯಾಂಟಿಗೆ ಗೆರೆ ಹಾಕಿದವರು ಭೋಜಣ್ಣ. ನಮ್ಮ ಕಟ್ಟಡದ ಮೆಟ್ಟಿಲಿನ ಕೆಳಗೆ, ಮೀಟರ್ ಪೆಟ್ಟಿಗೆಗಳ ಪಕ್ಕದಲ್ಲಿ, ಅವರ ಇಸ್ತ್ರಿ ಟೇಬಲ್ಲು. ನೀರು ಚಿಮುಕಿಸಿದ ಹತ್ತಿ ಬಟ್ಟೆಗೆ ಬಿಸಿ ಇಸ್ತ್ರಿ ತಾಗಿದಾಗ ಏಳುವ ವಾಸನೆ ಮೂರನೆಯ ಮಹಡಿಯವರೆಗೂ ಬರುತ್ತಿತ್ತು. ನಮಗೆಲ್ಲ ಬೆಳಗಾಗುತ್ತಿದ್ದದ್ದು ಅದರಿಂದಲೇ. ಅವರೂ ಅವರ ಹೆಂಡತಿ ಗುಲಾಬಕ್ಕನೂ ಮೂಲ್ಕಿ ಕಡೆಯವರು, ತಮ್ಮಲ್ಲಿ ತುಳು ಮಾತಾಡಿಕೊಳ್ಳುವರು, ನನ್ನನ್ನು ಕಂಡರೆ ಕನ್ನಡಕ್ಕೆ ತಿರುಗುವರು. ಭೋಜಣ್ಣನಿಗೆ ಒಂದೇ ಒಂದು ಜಂಬವಿತ್ತು: ಹುಟ್ಟಿದಮೇಲೆ ಅವರ ಇಸ್ತ್ರಿಯ ಕೆಳಗೆ ಒಂದು ನೂಲೂ ಸುಟ್ಟಿಲ್ಲ. ಕಟ್ಟಡದ ಹೆಂಗಸರು ಇದಕ್ಕೆ ಸಾಕ್ಷಿ ಹೇಳುತ್ತಿದ್ದರು.

ಅವರ ಇನ್ನೊಂದು ಮಾತಿಗೆ ಮಾತ್ರ ಯಾರ ಸಾಕ್ಷಿಯೂ ಇರಲಿಲ್ಲ. ಪ್ರಾಯದಲ್ಲಿ ತಾನು ಏಳು ವರ್ಷ ಯುದ್ಧದ ಹಡಗಿನಲ್ಲಿದ್ದೆ ಎಂದು ಅವರು ಹೇಳುತ್ತಿದ್ದರು. ಸೈನಿಕನಾಗಿ ಅಲ್ಲ, ಗುತ್ತಿಗೆದಾರನ ಕಡೆಯಿಂದ ಬಟ್ಟೆ ಒಗೆದು ಇಸ್ತ್ರಿ ಮಾಡುವವನಾಗಿ. ಹಡಗಿನ ನಂಬರನ್ನು ಅವರು ದೇವರ ಹೆಸರಿನ ಹಾಗೆ ಹೇಳುವರು. ನೀರಿನಿಂದ ಹಿಂಡುಹಿಂಡಾಗಿ ಹಾರುವ ಮೀನು, ಬೆಳಗಿನ ಜಾವ ಬೆಂಕಿಯಿಂದ ತೆಗೆದ ಇಸ್ತ್ರಿಯಂತೆ ಮೇಲೆ ಬರುವ ಸೂರ್ಯ, ಇದೆಲ್ಲ ಕೇಳಿ ಕೇಳಿ ನಮಗೆ ಬಾಯಿಪಾಠವಾಗಿತ್ತು. ನಾವಿಕರ ಪೆಟ್ಟಿಗೆ ಚಿಕ್ಕದು, ಬಟ್ಟೆ ನೇತುಹಾಕಲು ಜಾಗವಿಲ್ಲ, ಹಾಗಾಗಿ ಅವರ ಪಾದದ ಬಳಿ ಅಗಲವಾದ ಪ್ಯಾಂಟಿಗೆ ನೇರ ಗೆರೆಯ ಬದಲು ಅಡ್ಡ ಗೆರೆ ಹಾಕಿ ಮಡಚುವುದಂತೆ. ಎತ್ತರದವನಿಗೆ ಏಳು, ಕುಳ್ಳನಿಗೆ ಐದು. ಒಮ್ಮೆ ಏನೋ ಯೋಚನೆಯಲ್ಲಿ ನನ್ನ ಪ್ಯಾಂಟಿಗೂ ಹಾಗೆಯೇ ಮಾಡಿಬಿಟ್ಟರು. ನಾನು ನೋಡದೆ ಹಾಕಿಕೊಂಡು ಹೋದೆ. ಕಚೇರಿಯಲ್ಲಿ ನಕ್ಕದ್ದು ಇರಲಿ, ರಬಾಳೆ ಸ್ಟೇಷನ್ನಿನಲ್ಲಿ ಹತ್ತಿದ ಅಪರಿಚಿತನೊಬ್ಬ ನನ್ನ ಕಾಲನ್ನು ಘನಸೋಲಿಯವರೆಗೂ ನೋಡುತ್ತ ಬಂದ. ಸಂಜೆ ಭೋಜಣ್ಣ ತಲೆ ತಗ್ಗಿಸಿ, "ಕೈ ತಪ್ಪಿತು ಮಾರಾಯ್ರೆ, ಕೈ ಹಡಗಿಗೆ ಹೋಯ್ತು" ಎಂದರು. ಏಳು ಗೆರೆ ನೋಡಿ ನನಗೆ ಒಳಗೊಳಗೇ ಖುಷಿಯಾಗಿತ್ತು. ಕುಳ್ಳ ಎಂದು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲವಲ್ಲ.

ಗುಲಾಬಕ್ಕ ಈ ಹಡಗಿನ ಮಾತು ಬಂದಾಗೆಲ್ಲ ಬಾಯಿ ಮುಚ್ಚಿಕೊಂಡಿರುತ್ತಿದ್ದರು. ಕಾರಣ ಒಮ್ಮೆ ಅವರೇ ಹೇಳಿದರು. ಮದುವೆಯಾದ ಹೊಸತರಲ್ಲಿ, ನಾವಿಕರ ಮನೆಯವರನ್ನೆಲ್ಲ ಹಡಗಿಗೆ ಕರೆದೊಯ್ದು ತೋರಿಸುವ ದಿನ, ಇವರೂ ರೇಷ್ಮೆ ಸೀರೆ ಉಟ್ಟು ಗಂಡನ ಹಿಂದೆ ಬಂದರಿನ ಗೇಟಿನವರೆಗೆ ಹೋಗಿದ್ದರು. ಪಟ್ಟಿಯಲ್ಲಿ ಗಂಡನ ಹೆಸರೇ ಇಲ್ಲದ ಮೇಲೆ ಹೆಂಡತಿಗೆ ಎಲ್ಲಿಯ ಪಾಸು? ಗೇಟಿನಿಂದಲೇ ವಾಪಸು. "ಹಡಗು ಉಂಟೋ ಇಲ್ಲವೋ ನನಗೆಂತ ಗೊತ್ತು? ನಾನು ನೋಡಿದ್ದು ಗೇಟು" ಎಂದು ಹೇಳಿ ಅವರು ಎದ್ದು ಹೋದರು. ಭೋಜಣ್ಣ ಅವತ್ತು ಒಂದೇ ಅಂಗಿಗೆ ಎರಡು ಸಲ ಇಸ್ತ್ರಿ ಮಾಡಿದರು.

ಹೀಗಿರುವಾಗ ನಮ್ಮ ಕಚೇರಿಗೆ ಒಂದು ವಿಚಿತ್ರ ಕೆಲಸ ಬಂತು. ನಿವೃತ್ತಿಯಾದ ಯುದ್ಧದ ಹಡಗೊಂದನ್ನು ನವಿ ಮುಂಬಯಿಯಲ್ಲಿ ಖಾಡಿ ಎನ್ನುವ ಸಮುದ್ರದ ಹಿನ್ನೀರಿನ ದಂಡೆಗೆ, ದೊಡ್ಡ ಕಚೇರಿಗಳ ಎದುರಿಗೇ ತಂದು ನಿಲ್ಲಿಸಿ ಸಂಗ್ರಹಾಲಯ ಮಾಡುವುದು. ಟ್ಯಾಂಕುಗಳನ್ನು ದಡಕ್ಕೆ ಇಳಿಸುವ ಚಪ್ಪಟೆ ತಳದ ಹಡಗು; ಹುಣ್ಣಿಮೆಯ ಭರತದಲ್ಲಿ ಎಳೆದು ತಂದು ಕೆಸರಿನಲ್ಲಿ ಕೂರಿಸಿದ್ದರು. ಒಳಗಿನ ಬೋರ್ಡುಗಳೆಲ್ಲ ನಮ್ಮವು. ಹಡಗಿನ ಮೈಮೇಲೆ ಬರೆದ ನಂಬರನ್ನು ನಾನು ಗಟ್ಟಿಯಾಗಿ ಓದಿಕೊಂಡೆ. ಭೋಜಣ್ಣನ ನಂಬರು ಅದೇ.

ಸಂಜೆಯೇ ಹೋಗಿ ಹೇಳಿಬಿಟ್ಟೆ. ನನ್ನ ಬಾಯಿಗೆ ಬೀಗವಿಲ್ಲ. ಭೋಜಣ್ಣ ಇಸ್ತ್ರಿಯನ್ನು ಎತ್ತಿ ನಿಲ್ಲಿಸಿ, "ಗುಲಾಬಿಯನ್ನು ಒಮ್ಮೆ ಕರ್ಕೊಂಡು ಹೋಗ್ಬಹುದಾ?" ಎಂದು ಕೇಳಿದರು. ಖಂಡಿತ ಎಂದೆ.

ಆಮೇಲೆ ಶುರುವಾಯಿತು ನೋಡಿ ಗೊಂದಲ. ಹಡಗಿನಲ್ಲಿ ಸೇವೆ ಮಾಡಿದವರ ಹೆಸರಿನ ಪಟ್ಟಿ ಬಂತು. ಎರಡು ಸಲ ಓದಿದೆ, ಭೋಜಣ್ಣನ ಹೆಸರಿಲ್ಲ. ಗುತ್ತಿಗೆಯವರ ಹೆಸರು ಇರುವುದಿಲ್ಲ ಎಂದು ಬುದ್ಧಿ ಹೇಳಿತು, ಇಷ್ಟು ದಿನ ನಮಗೆಲ್ಲ ಟೋಪಿ ಹಾಕಿದರೇನೋ ಎಂದು ಮನಸ್ಸು ಹೇಳಿತು. ಅದರ ಹಿಂದೆಯೇ ಹಡಗಿನ ನಕ್ಷೆಗಳು ಬಂದವು. ಅವುಗಳ ಮೇಲೆ ಬೇರೆಯೇ ನಂಬರು. ನಮ್ಮ ಮೇಲಧಿಕಾರಿ ಸಾವಂತರನ್ನು ಕೇಳಿದೆ. "ಅರೇ, ಜುಳ್ಯಾ ಬಹಿಣೀ ಆಹೇತ್ ತ್ಯಾ. ಕೋಣಾಲಾ ಕಳ್ಣಾರ್?" ಎಂದು ನಕ್ಕರು. ಅವಳಿ ಅಕ್ಕತಂಗಿಯರಂತೆ, ಯಾರಿಗೆ ಗೊತ್ತಾಗುತ್ತದೆ ಎಂದು. ಒಂದೇ ನಕ್ಷೆಯಿಂದ ಕಟ್ಟಿದ ಎರಡು ಹಡಗು. ಯುದ್ಧಕ್ಕೆ ಹೋಗಿ ಹೆಸರು ಮಾಡಿದ ಅಕ್ಕನನ್ನು ಎಂದೋ ಒಡೆದು ಗುಜರಿಗೆ ಹಾಕಿಯಾಗಿತ್ತು. ಉಳಿದದ್ದು ಯಾವ ಯುದ್ಧಕ್ಕೂ ಹೋಗದ ತಂಗಿ. ಜನ ಬರಬೇಕಲ್ಲ, ಹಾಗಾಗಿ ಸಮಿತಿಯವರು ಅಕ್ಕನ ನಂಬರನ್ನು ತಂಗಿಗೆ ಬಳಿಸಿದ್ದರು.

ಈಗ ಹೇಳಿ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಭೋಜಣ್ಣ ಹಡಗಿನಲ್ಲಿ ಇದ್ದದ್ದೇ ಸುಳ್ಳಾದರೆ ಕರೆದೊಯ್ದು ಅವರ ಮಾನ ಕಳೆದಂತೆ. ನಿಜವಾದರೆ, ಅವರದ್ದಲ್ಲದ ಹಡಗನ್ನು ಅವರದ್ದೆಂದು ನಂಬಿಸಿದಂತೆ. ಗೇಟಿನಿಂದ ವಾಪಸು ಬಂದ ಗುಲಾಬಕ್ಕನಿಗೆ ಎರಡನೆಯ ಸಲವೂ ಮೋಸವಾಗಬೇಕೇ? ನಾಲ್ಕು ದಿನ ತಲೆ ಕೆಡಿಸಿಕೊಂಡೆ. ಆ ನಾಲ್ಕು ದಿನದಲ್ಲಿ ಒಂದು ಆಸ್ಪತ್ರೆಯ ಹೆರಿಗೆ ವಿಭಾಗಕ್ಕೆ ಬಾಣವನ್ನು ಎಲುಬಿನ ವಿಭಾಗದ ಕಡೆ ತಿರುಗಿಸಿದೆ. ಕೊನೆಗೆ, ಹೇಳುವ ಧೈರ್ಯ ಬಾರದೆ, ಸುಮ್ಮನೆ ಕರೆದುಕೊಂಡು ಹೊರಟೆ.

ಉದ್ಘಾಟನೆಗೆ ಇನ್ನೂ ಒಂದು ವಾರವಿತ್ತು. ಠಾಣೆಯಲ್ಲಿ ಗಾಡಿ ಬದಲಿಸಿ, ಬೇಲಾಪುರದಲ್ಲಿ ಇಳಿದು, ರಿಕ್ಷಾ ಹಿಡಿದೆವು. ಗುಲಾಬಕ್ಕ ಅದೇ ರೇಷ್ಮೆ ಸೀರೆ ಉಟ್ಟಿದ್ದರು. ಅಂಚು ಅಲ್ಲಲ್ಲಿ ಬಿಟ್ಟಿತ್ತು. ಹಡಗು ಹತ್ತಿದ್ದೇ ತಡ, ಭೋಜಣ್ಣ ನನ್ನನ್ನು ಹಿಂದೆ ಬಿಟ್ಟು ನಡೆದರು. ಕಬ್ಬಿಣದ ಬಾಗಿಲು ಬರುವ ಮೊದಲೇ ತಲೆ ಬಗ್ಗಿಸಿದರು, ಕತ್ತಲೆಯಲ್ಲಿ ಏಣಿಯ ಮೆಟ್ಟಿಲನ್ನು ನೋಡದೆ ಇಳಿದರು. ಎರಡು ತಿಂಗಳಿಂದ ಅಲ್ಲೇ ಓಡಾಡುತ್ತಿದ್ದ ನಾನು ಬಾಗಿಲಿಗೆ ಹಣೆ ಚಚ್ಚಿಕೊಂಡೆ. ಇವರು ಸುಳ್ಳು ಹೇಳಿಲ್ಲ ಎಂದು ಆ ಪೆಟ್ಟಿನಿಂದಲೇ ನನಗೆ ಖಾತ್ರಿಯಾಯಿತು. ನಾಚಿಕೆಯೂ ಆಯಿತು.

ಎಂಜಿನ್ ಕೋಣೆಯ ಗೋಡೆಯ ಹಿಂದೆ ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗ. ಗೋಡೆಗೆ ಬಿಗಿದ ಒಂದು ತೇಗದ ಹಲಗೆ. ನಮ್ಮ ನಕ್ಷೆಯಲ್ಲಿ ಅದಕ್ಕೆ ಹೆಸರೂ ಇರಲಿಲ್ಲ, ಬೋರ್ಡೂ ಇರಲಿಲ್ಲ.

"ಇಲ್ಲಿ," ಎಂದರು ಭೋಜಣ್ಣ. "ಇಲ್ಲಿ ನಿಲ್ತಿದ್ದೆ."

ಗುಲಾಬಕ್ಕ ಹತ್ತಿರ ಹೋಗಿ ಹಲಗೆಯ ಮೇಲೆ ಕೈಯಾಡಿಸಿದರು. ಅದರ ಮಧ್ಯದಲ್ಲಿ ಇಸ್ತ್ರಿ ಪೆಟ್ಟಿಗೆಯ ಆಕಾರದಲ್ಲಿ ಕಪ್ಪಗೆ ಸುಟ್ಟ ಗುರುತು ಇತ್ತು. "ಇದು ಎಂತ? ನಾನು ಸುಟ್ಟವನೇ ಅಲ್ಲ ಅಂತ ಊರಿಗೆಲ್ಲ ಹೇಳ್ತೀರಲ್ಲ?"

ಭೋಜಣ್ಣ ಆ ಗುರುತನ್ನೇ ನೋಡುತ್ತ ನಿಂತರು. "ಹೊಸತರಲ್ಲಿ ಆದದ್ದು. ಕಲಿಯುವಾಗ."

ಗುಲಾಬಕ್ಕ ಗೆದ್ದವರಂತೆ ನಕ್ಕು ಸುತ್ತಲೂ ನೋಡಿದರು. ನಿಧಾನವಾಗಿ ಆ ನಗು ಇಳಿಯಿತು. "ಕಿಟಕಿ ಎಲ್ಲಿ?"

"ಇಸ್ತ್ರಿಗೆ ಕಿಟಕಿ ಎಂತಕ್ಕೆ?"

"ಮತ್ತೆ ಹಾರುವ ಮೀನು ನೋಡಿದ್ದು ಎಲ್ಲಿಂದ?"

"ಮೇಲೆ ಕೆಲಸ ಮುಗಿಸಿ ಬಂದವರು ಹೇಳ್ತಿದ್ರು," ಎಂದರು ಭೋಜಣ್ಣ, ಕೆಲಸ ಕಳೆದುಕೊಂಡವನ ದನಿಯಲ್ಲಿ. ಗುಲಾಬಕ್ಕ ಸೆರಗಿನಿಂದ ಅವರ ಕುತ್ತಿಗೆಯ ಬೆವರು ಒರೆಸಿದರು. ನಾನು ಪಕ್ಕಕ್ಕೆ ತಿರುಗಿ, ಇಲ್ಲದ ಬೋರ್ಡಿನ ಅಳತೆ ತೆಗೆಯುವವನಂತೆ ಟೇಪು ಎಳೆದೆ.

ಹಿಂದಿರುಗುವಾಗ ಇನ್ನೊಂದು ಸಂಗತಿ ನಡೆಯಿತು. ನಾವಿಕರ ವೇಷದ ಮೂರು ಗೊಂಬೆಗಳನ್ನು ಕಲ್ಯಾಣದ ಬಟ್ಟೆ ಅಂಗಡಿಯೊಂದರಿಂದ ತಂದಿದ್ದರು. ಒಂದೊಂದೂ ಮದುಮಗನಂತೆ ಸೊಂಟದ ಮೇಲೆ ಕೈಯಿಟ್ಟು ನಿಂತಿತ್ತು. ಭೋಜಣ್ಣ ಅವುಗಳ ಪ್ಯಾಂಟಿನಲ್ಲಿ ನೇರ ಗೆರೆ ನೋಡಿ ಅಲ್ಲಿಂದ ಕದಲಲಿಲ್ಲ. ಕೆಲಸಗಾರರ ಹತ್ತಿರ ಇಸ್ತ್ರಿಯೊಂದನ್ನು ಸಂಪಾದಿಸಿ, ವೈರು ಎಳೆಸಿ, ಅದೇ ಹಲಗೆಯ ಮೇಲೆ ಮೂರು ಪ್ಯಾಂಟಿಗೂ ಅಡ್ಡ ಗೆರೆ ಹಾಕಿಕೊಟ್ಟರು. ಪ್ಯಾಂಟಿನ ಇನ್ನೊಂದು ತುದಿಯನ್ನು ಗುಲಾಬಕ್ಕ ಹಿಡಿದುಕೊಂಡಿದ್ದರು.

ವಾಪಸು ಬರುವಾಗ ಗುಲಾಬಕ್ಕ ಗಾಡಿಯ ಹೆಂಗಸರ ಡಬ್ಬಿ ಹತ್ತಿದರು. ತುರ್ಭೆ ದಾಟಿದ ಮೇಲೆ ಭೋಜಣ್ಣ ಹೊರಗೆ ನೋಡುತ್ತಲೇ, "ಅದು ನನ್ನ ಹಡಗಲ್ಲ ಮಾರಾಯ್ರೆ" ಎಂದರು.

ನಾನು ಬೆಪ್ಪಾದೆ. "ನಿಮಗ ಹೆಂಗ್ ಗೊತ್ತಾತ್ರೀ?"

"ಹಲಗೆ ಸುಟ್ಟಿತ್ತಲ್ಲ. ನಾನು ಸುಡುವವನಾ?"

ನನಗೆ ಗೊತ್ತಿದ್ದದ್ದನ್ನೆಲ್ಲ ಒಪ್ಪಿಸಿದೆ. ಅವರು ಸಿಟ್ಟಾಗಲಿಲ್ಲ. "ಮತ್ಯಾಕ ಒಪ್ಕೊಂಡ್ರಿ?" ಎಂದು ಕೇಳಿದೆ.

"ನನ್ನದನ್ನು ಒಡೆದು ಹಾಕಿದ್ದಾರೆ ಅಂತ ನೀವೇ ಹೇಳ್ತೀರಿ. ಅವಳಿಗೆ ಎಲ್ಲಿಂದ ತಂದು ತೋರಿಸ್ಲಿ? ಅಲ್ಲಿಯೂ ನನ್ನ ಹಾಗೆ ಒಬ್ಬ ನಿಂತಿದ್ದ. ಅವನ ಹೆಂಡತಿಯೂ ನೋಡಿರ್ಲಿಕ್ಕಿಲ್ಲ." ಠಾಣೆಯಲ್ಲಿ ಇಳಿಯುವಾಗ, "ಗುಲಾಬಿ ಹತ್ರ ಹೇಳ್ಬೇಡಿ" ಎಂದರು.

ಹೇಳಲಿಲ್ಲ. ಬಾಯಿಗೆ ಬೀಗವಿಲ್ಲದ ನಾನು ಇದೊಂದನ್ನು ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡೆ. ಭೋಜಣ್ಣ ತೀರಿಕೊಂಡು ಮೂರು ವರ್ಷವಾಯಿತು. ಮೆಟ್ಟಿಲ ಕೆಳಗೆ ಈಗ ಸ್ಕೂಟರು ನಿಲ್ಲಿಸುತ್ತಾರೆ.

ಪ್ಯಾಂಟು ಸಿಕ್ಕಿದ ವಾರವೇ ಕಚೇರಿಗೆ ಹಡಗಿನ ಕೆಲಸ ಮತ್ತೆ ಬಂತು. ಖಾಡಿಯ ಗಾಳಿಗೆ ಬೋರ್ಡುಗಳೆಲ್ಲ ಮಾಸಿದ್ದವು, ಹೊಸದು ಮಾಡಬೇಕು. ಈ ಸಲ ಆ ಮೂಲೆಗೂ ಒಂದು ಬೋರ್ಡು ಇರಲಿ ಎಂದೆ, ಸಾವಂತರು ತಲೆಯಾಡಿಸಿದರು. ಬರೆಯಲು ಕೂತರೆ ಕೈ ಓಡಲಿಲ್ಲ. ಭೋಜಣ್ಣನ ಹೆಸರು ಹಾಕೋಣವೆಂದರೆ ಅವರು ಅಲ್ಲಿ ನಿಂತವರಲ್ಲ. ಅಲ್ಲಿ ನಿಂತವನ ಹೆಸರು ಯಾರಿಗೂ ಗೊತ್ತಿಲ್ಲ. ಬೇರೊಬ್ಬನ ಜಾಗಕ್ಕೆ ಭೋಜಣ್ಣನ ಹೆಸರು ಬರೆದರೆ, ಒಂದು ಹಡಗಿನ ನಂಬರನ್ನು ಇನ್ನೊಂದಕ್ಕೆ ಬಳಿದವರಿಗೂ ನನಗೂ ಏನು ವ್ಯತ್ಯಾಸ?

ದಾರಿ ಕಾಣದೆ ಗುಲಾಬಕ್ಕನ ಮನೆಗೆ ಹೋದೆ. ನೆಪಕ್ಕೆ ಪ್ಯಾಂಟು ಒಯ್ದಿದ್ದೆ. ಅವರು ಅದನ್ನು ಮಡಿಲಲ್ಲಿ ಹರಡಿಕೊಂಡು ಗೆರೆ ಎಣಿಸಿದರು. ಆ ಮೂಲೆಯ ಬೋರ್ಡಿನಲ್ಲಿ ಏನು ಬರೆಯಲಿ ಎಂದು ಸುತ್ತುಬಳಸಿ ಕೇಳಿದೆ.

"ಅದು ಇವರ ಜಾಗ ಅಲ್ಲ," ಎಂದರು ಗುಲಾಬಕ್ಕ.

"ಯಾರ್ ಹೇಳಿದ್ರು ನಿಮಗ?"

"ಯಾರು ಹೇಳ್ಬೇಕು? ಇವರು ಸುಡುವವರಲ್ಲ. ನಲ್ವತ್ತು ವರ್ಷ ನೋಡಿದ್ದೇನೆ."

"ಮತ್ತ ಅವತ್ತು ನಕ್ಕಿರಲ್ಲ?"

"ಸುಟ್ಟದ್ದು ನಾನೇ ಅಂತ ಒಪ್ಪಿದ್ರಲ್ಲ, ನನಗೋಸ್ಕರ. ನಗದೆ ಎಂತ ಮಾಡ್ಲಿ?" ಪ್ಯಾಂಟನ್ನು ಅದರ ಗೆರೆಗಳ ಮೇಲೆಯೇ ಒಂದೊಂದಾಗಿ ಮಡಚಿ ನನ್ನ ಕೈಗೆ ಕೊಟ್ಟರು. "ಯಾರ ಹೆಸರೂ ಬೇಡ. ಕಿಟಕಿ ಇರ್ಲಿಲ್ಲ ಅಂತ ಬರೀರಿ. ಅದು ಎರಡು ಹಡಗಿಗೂ ಆಗ್ತದೆ."

ಬೋರ್ಡು ನಿನ್ನೆ ಹೋಯಿತು. ಮರಾಠಿ, ಹಿಂದಿ, ಇಂಗ್ಲಿಷುಗಳಲ್ಲಿ ಬರೆದೆ. ಅಲ್ಲಿ ಕನ್ನಡಕ್ಕೆ ಜಾಗವಿಲ್ಲ. ಆದ್ದರಿಂದ ಅದನ್ನು ನಿಮಗಾಗಿ ಇಲ್ಲಿ ಬರೆಯುತ್ತಿದ್ದೇನೆ: ಇಲ್ಲಿ ಒಬ್ಬರು ನಿಂತು ಬಟ್ಟೆಗೆ ಇಸ್ತ್ರಿ ಮಾಡುತ್ತಿದ್ದರು. ಕಿಟಕಿ ಇರಲಿಲ್ಲ.