ಬೋರಲು ಹಾಕಿದ ಫೋನು

ಅರವತ್ತೆಂಟನೆಯ ವಯಸ್ಸಿನಲ್ಲಿ ಕಾರ್ಟೂನ್ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕೆ ಎಂದರೆ ನೀವು ನನ್ನನ್ನು ಮೇಷ್ಟ್ರೆಂದು ಕರೆಯುವುದನ್ನೇ ಬಿಟ್ಟೀರಿ. ಆದರೂ ಹೇಳಿಬಿಡುತ್ತೇನೆ.

ಮೊಮ್ಮಗಳು ಶ್ರಾವಣಿಗೆ ಆರು ವರ್ಷ. ತದಡಿಯ ಬಂದರಿನ ಹತ್ತಿರ ಆಡುವಾಗ ಒಂದು ಕಣ್ಣಿಗೆ ಮರಳು ಬಿದ್ದು, ತಿಕ್ಕಿ ತಿಕ್ಕಿ ಗಾಯ ಮಾಡಿಕೊಂಡಳು. ಕುಮಟಾದ ಡಾಕ್ಟರು ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದರು. ಒಂದು ಹೊರಳಿದರೆ ಇನ್ನೊಂದೂ ಹೊರಳುತ್ತದಂತೆ. ಮೂರು ದಿನ ಬಿಚ್ಚಬಾರದು, ಮುಖ್ಯವಾಗಿ ಮಗು ಅಳಬಾರದು ಎಂದು ನನ್ನ ಕಡೆ ನೋಡಿ ಹೇಳಿದರು. ಅವಳ ಅಪ್ಪ ಅಮ್ಮ ಕೆಲಸಕ್ಕೆ ಹೋದರೆ ಮನೆಯಲ್ಲಿ ಉಳಿಯುವವನು ನಾನೊಬ್ಬನೇ. ಮೂವತ್ತು ವರ್ಷ ಮಕ್ಕಳನ್ನು ಅಳಿಸಿಯೇ ಮಗ್ಗಿ ಕಲಿಸಿದವನಿಗೆ ಇದು ಹೊಸ ಕೆಲಸ. ನಿಜಕ್ಕೂ ಹೆದರಿದೆ.

ಅವಳ ಜೀವವೆಲ್ಲ ಒಂದು ಕಾರ್ಟೂನಿನಲ್ಲಿ. ಒಂದು ಗುಂಡು ಆನೆಮರಿ, ಅದಕ್ಕೆ ಜೊತೆ ಒಂದು ತಲೆಹರಟೆ ಮೊಲ. ಮಾತು ಕಡಿಮೆ, ಬೀಳುವುದು ಏಳುವುದು ಹೆಚ್ಚು. ನಾನು ಫೋನಿನಲ್ಲಿ ನೋಡಿ ಅವಳಿಗೆ ಹೇಳುವುದೆಂದು ಒಪ್ಪಂದವಾಯಿತು. ಐದು ನಿಮಿಷ ಹೇಳಿದೆ. ಆಮೇಲೆ ಮೊಲ ಏನೋ ಮಾಡಿತು. ಹೇಳುವುದನ್ನು ಮರೆತು ನಗತೊಡಗಿದೆ. ಪಟ್ಟಿಯ ಕೆಳಗೆ ಅವಳ ತುಟಿ ನಡುಗಿತು.

"ಅಜ್ಜ, ನೀ ಒಬ್ನೇ ನಗಬೇಡ. ಎಂತ ಆತು ಹೇಳು."

ಎಷ್ಟು ನಾಚಿಕೆಯಾಯಿತೆಂದರೆ ಫೋನನ್ನು ಹಾಸಿಗೆಯ ಮೇಲೆ ಬೋರಲು ಹಾಕಿ ನಾನೂ ಕಣ್ಣು ಮುಚ್ಚಿಕೊಂಡೆ. ಈಗ ಇಬ್ಬರಿಗೂ ಬರೀ ಸದ್ದು. ಆಗ ನೆನಪಾದವಳು ನನ್ನ ಅಮ್ಮ. ನಮ್ಮದು ಮೀನಿನ ಮನೆ. ಗಾಳಿಮಳೆಯ ಸುದ್ದಿ ಕೇಳಲೆಂದು ಅಪ್ಪ ಹಾಕಿದ ರೇಡಿಯೋ ಹಾಗೇ ಮಾತಾಡುತ್ತಿರುತ್ತಿತ್ತು. ಮೀನಿನ ಕೈಯಲ್ಲಿ ಅದನ್ನು ಮುಟ್ಟುವ ಹಾಗಿರಲಿಲ್ಲ, ಅಮ್ಮನಿಗೆ ಮೀನಿನ ಕೈ ಬಿಟ್ಟು ಬೇರೆ ಕೈ ಇರಲಿಲ್ಲ. ಹಾಗಾಗಿ ಗೊಬ್ಬರದ ಮಾತು ಬಂದರೆ ಗೊಬ್ಬರದ ಮಾತು, ನಾಟಕ ಬಂದರೆ ನಾಟಕ. ನಾಟಕದಲ್ಲಿ ಬಾಗಿಲು ಕಿರುಗುಟ್ಟಿದರೆ ಸಾಕು, ಅವಳು ಮೀನು ಕೊಯ್ಯುವುದನ್ನು ನಿಲ್ಲಿಸಿ, ಬಂದವಳು ಅತ್ತೆಯೇ ಎಂದು ತೀರ್ಪು ಕೊಡುತ್ತಿದ್ದಳು, ಸೀರೆಯ ಬಣ್ಣ ಸಮೇತ. ಹಿಂದಿನ ಪಂಡಿತರು ಕಾವ್ಯವನ್ನು ನೋಡುವುದು, ಕೇಳುವುದು ಎಂದು ಎರಡು ಪಾಲು ಮಾಡಿ, ನಾಟಕವನ್ನು ನೋಡುವ ಪಾಲಿಗೆ ಹಾಕಿದರು. ಪಾಪ, ಅವರು ನನ್ನ ಅಮ್ಮನನ್ನು ಕಂಡಿರಲಿಲ್ಲ.

ಫೋನಿನೊಳಗೆ ಧಡ್ಡೆಂದಿತು. ಯಾರು ಬಿದ್ದರು ಎಂದು ಕೇಳಿದೆ. ಆನೆ, ಎಂದಳು. ಎಲ್ಲಿ ಎಂದೆ. ಸ್ವಲ್ಪ ಯೋಚಿಸಿ, ಚಿಪ್ಪು ತುಂಬಿದ ದೋಣಿಯಲ್ಲಿ, ಎಂದಳು. ಸರಿ, ಆಮೇಲಿನ ಸದ್ದೆಲ್ಲ ದೋಣಿಯ ಲೆಕ್ಕಕ್ಕೇ ಬಂತು. ದೋಣಿ ವಾಲಿತು, ಮೊಲ ಹುಟ್ಟು ಹಾಕಿತು, ಮೀನಿನ ಬುಟ್ಟಿಯ ಹೆಂಗಸರು ಆನೆಗೆ ಬೈದರು. ಆ ಬೈಗುಳವನ್ನು ಮಾತ್ರ ನಾನೇ ಒದಗಿಸಿದೆ. ಸಂಜೆಯೊಳಗೆ ಆನೆ, ಮೊಲ ಇಬ್ಬರೂ ಅಘನಾಶಿನಿ ಹೊಳೆಯನ್ನು ದಾಟಿದ್ದರು. ಮೂರು ದಿನ ಅವಳು ಒಂದು ಸಲವೂ ಅಳಲಿಲ್ಲ.

ಪಟ್ಟಿ ಬಿಚ್ಚಿದ ಡಾಕ್ಟರು ಕಣ್ಣು ನೆಟ್ಟಗಿದೆ ಎಂದರು. ಮತ್ತೂ ಎರಡು ದಿನ ಕಳೆದು ಫೋನು ಕೈಗೆ ಸಿಕ್ಕಾಗ ಅವಳು ಮೊದಲು ನೋಡಿದ್ದು ಅದೇ ಕಾರ್ಟೂನು. ನಮ್ಮ ದೋಣಿಯ ಕತೆ ಮುಗಿಯಿತು ಎಂದುಕೊಂಡೆ. ಆನೆ ನಿಜಕ್ಕೂ ಬಿದ್ದದ್ದು ಮಂಚದಿಂದ, ಅದೂ ದಿಂಬಿನ ಮೇಲೆ. ಶ್ರಾವಣಿ ಕೊನೆತನಕ ನೋಡಿದಳು.

"ಪಾಪ ಅಜ್ಜ," ಎಂದಳು, "ಇವ್ರಿಗೆ ಯಾರೂ ದೋಣಿ ಕೊಡ್ಲೇ ಇಲ್ಲ."

ಕಣ್ಣು ನೆಟ್ಟಗಾದರೆ ಒಂದು ತೆಂಗಿನಕಾಯಿ ಒಡೆಸುತ್ತೇನೆಂದು ದೇವರಿಗೆ ಹೇಳಿಕೊಂಡಿದ್ದೆ. ಆ ಸಂಜೆ ಎರಡು ಒಡೆಸಿದೆ.